ಮನೆಗೊಂದು ವ್ಯಾಯಾಮಯಂತ್ರ: ಕೊಳ್ಳುವ ಮುನ್ನ ಯೋಚಿಸಬೇಕಾದುದು

ಆರೋಗ್ಯವೇ ಭಾಗ್ಯವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆ ಭಾಗ್ಯವನ್ನು ಅಂಗಡಿಯಲ್ಲಿ ಹಣ ತೆತ್ತು ಮನೆಗೆ ತರಬಹುದೆಂಬ ಭಾವನೆ ಮಾತ್ರ ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಜೀವನದಲ್ಲಿ ಬೇರೂರುತ್ತಿದೆ. ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಾಗಿಲ್ಲ. ನಲವತ್ತು ದಾಟಿದ ಗೃಹಸ್ಥರು ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಸಕ್ಕರೆಯೋ ಕೊಬ್ಬೋ ಮಿತಿಮೀರಿದೆಯೆಂದು ವರದಿ ಬರುತ್ತದೆ. ವೈದ್ಯರು ದಿನವೂ ವ್ಯಾಯಾಮ ಮಾಡಬೇಕೆಂದು ಹೇಳುತ್ತಾರೆ. ಅಂದು ಸಂಜೆಯೇ ಮನೆಯಲ್ಲಿ ಸಮಾಲೋಚನೆ ಆರಂಭವಾಗುತ್ತದೆ. ಬೆಳಗಿನ ಲೋಕಲ್ ಗಾಡಿಯನ್ನು ತಪ್ಪಿಸುವಂತಿಲ್ಲ. ಸಂಜೆ ಮನೆ ಸೇರುವಾಗ ಗಂಟೆ ಎಂಟು. ಬೀದಿಯಲ್ಲಿ ನಡೆಯಲು ನೆಟ್ಟಗೆ ಜಾಗವಿಲ್ಲ. ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆ. ಹೀಗಿರುವಾಗ ಯಂತ್ರವೊಂದನ್ನು ಮನೆಗೇ ತಂದುಬಿಟ್ಟರೆ ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪರಊರಿನಲ್ಲಿ ದುಡಿಯುತ್ತಿರುವ ಮಗನೋ ಮಗಳೋ ‘ಅಪ್ಪಾ, ನಾನೇ ಕೊಡಿಸುತ್ತೇನೆ’ ಎಂದು ದೂರವಾಣಿಯಲ್ಲಿ ಹೇಳಿದರಂತೂ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಹೀಗೆ ಮನೆ ಸೇರುತ್ತಿರುವ ಯಂತ್ರಗಳಲ್ಲಿ ‘ಎಲಿಪ್ಟಿಕಲ್ ಟ್ರೇನರ್’ ಎಂಬುದು ಒಂದು. ಇದು ಉತ್ತಮ ಯಂತ್ರವೇ ಎಂಬ ಪ್ರಶ್ನೆಗೆ ಉತ್ತರ ಸುಲಭ: ಹೌದು, ಉತ್ತಮವಾದುದು. ಆದರೆ ಇದು ನಮ್ಮ ಮನೆಗೆ, ನಮ್ಮ ದೇಹಕ್ಕೆ, ನಮ್ಮ ದಿನಚರಿಗೆ ತಕ್ಕುದೇ ಎಂಬುದು ಬೇರೆಯೇ ಪ್ರಶ್ನೆ. ಆ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳದೆ ಯಂತ್ರವನ್ನು ತಂದ ಮನೆಗಳಲ್ಲಿ ಅದು ಮೂರು ತಿಂಗಳೊಳಗೆ ಒದ್ದೆ ಟವೆಲು ಹರವುವ ಕಂಬವಾಗಿ ನಿಂತಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ.

ಯಂತ್ರದ ಪರಿಚಯ

ಎಲಿಪ್ಸ್ ಎಂದರೆ ನಾವು ಶಾಲೆಯ ಗಣಿತದಲ್ಲಿ ಕಲಿತ ದೀರ್ಘವೃತ್ತ. ಈ ಯಂತ್ರದ ಮೇಲೆ ನಿಂತು ಕಾಲಾಡಿಸಿದಾಗ ಪಾದವು ಹೆಚ್ಚುಕಡಿಮೆ ದೀರ್ಘವೃತ್ತದ ಜಾಡಿನಲ್ಲಿ ಚಲಿಸುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಎರಡು ಅಗಲವಾದ ಮೆಟ್ಟುಹಲಗೆಗಳು, ಅವುಗಳಿಗೆ ಜೋಡಿಸಿದ ಎರಡು ಉದ್ದನೆಯ ಕೈಹಿಡಿಗಳು, ಹಿಂದೆಯೋ ಮುಂದೆಯೋ ಒಂದು ಭಾರವಾದ ಗಾಲಿ, ಆ ಗಾಲಿಯ ವೇಗಕ್ಕೆ ಅಡ್ಡಿಯೊಡ್ಡುವ ಅಯಸ್ಕಾಂತದ ವ್ಯವಸ್ಥೆ, ಇಷ್ಟು ಇದರ ಮುಖ್ಯ ಅಂಗಗಳು. ಕೈಹಿಡಿಗಳನ್ನು ದೂಡುತ್ತ ಸೆಳೆಯುತ್ತ ಹೆಜ್ಜೆ ಹಾಕಿದರೆ ಕಾಲುಗಳ ಜೊತೆಗೆ ತೋಳು, ಭುಜ, ಬೆನ್ನುಗಳ ಸ್ನಾಯುಗಳಿಗೂ ಕೆಲಸ ದೊರೆಯುತ್ತದೆ. ಅಯಸ್ಕಾಂತವನ್ನು ಗಾಲಿಯ ಸಮೀಪಕ್ಕೆ ತಂದಷ್ಟೂ ಶ್ರಮ ಹೆಚ್ಚುತ್ತದೆ. ಅಮೆರಿಕದ ಪ್ರಿಕಾರ್ ಎಂಬ ಸಂಸ್ಥೆ 1995ರಲ್ಲಿ ಈ ಬಗೆಯ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ವ್ಯಾಯಾಮದ ಇತರ ಸಾಧನಗಳಿಗೆ ಹೋಲಿಸಿದರೆ ಇದು ಎಳೆಯ ವಯಸ್ಸಿನದು.

ಇದರ ವೈಶಿಷ್ಟ್ಯವಿರುವುದು ಒಂದೇ ಒಂದು ಸಂಗತಿಯಲ್ಲಿ. ನಾವು ಓಡುವಾಗ ಎರಡೂ ಪಾದಗಳು ಕ್ಷಣಕಾಲ ನೆಲವನ್ನು ಬಿಟ್ಟಿರುತ್ತವೆ. ಮರುಕ್ಷಣ ಒಂದು ಪಾದ ನೆಲಕ್ಕೆ ಅಪ್ಪಳಿಸಿದಾಗ ದೇಹದ ತೂಕಕ್ಕಿಂತ ಹೆಚ್ಚಿನ ಬಲ ಆ ಕಾಲಿನ ಕೀಲುಗಳ ಮೇಲೆ ಬೀಳುತ್ತದೆ. ಎಲಿಪ್ಟಿಕಲ್ ಯಂತ್ರದಲ್ಲಿ ಪಾದವು ಮೆಟ್ಟುಹಲಗೆಯನ್ನು ಬಿಟ್ಟು ಏಳುವುದೇ ಇಲ್ಲ. ಹೀಗಾಗಿ ಅಪ್ಪಳಿಸುವ ಪೆಟ್ಟು ತಪ್ಪುತ್ತದೆ; ಹೃದಯ ಮತ್ತು ಶ್ವಾಸಕೋಶಗಳಿಗೆ ದೊರೆಯಬೇಕಾದ ವ್ಯಾಯಾಮ ಮಾತ್ರ ದೊರೆಯುತ್ತದೆ. ಮೊಣಕಾಲಿನ ಮೃದ್ವಸ್ಥಿ ಸವೆಯತೊಡಗಿದವರಿಗೆ, ದೇಹಭಾರ ಹೆಚ್ಚಿರುವವರಿಗೆ, ಓಟ ಒಗ್ಗದವರಿಗೆ ಇದು ಹಿತವೆನಿಸುವುದು ಈ ಕಾರಣದಿಂದಲೇ.

ದೇಹಕ್ಕೆ ಎಷ್ಟು ವ್ಯಾಯಾಮ ಬೇಕು?

ದೇಹಶ್ರಮಕ್ಕೂ ಹೃದಯದ ಆರೋಗ್ಯಕ್ಕೂ ಇರುವ ಸಂಬಂಧವನ್ನು ಎತ್ತಿತೋರಿಸಿದ ಒಂದು ಪ್ರಸಿದ್ಧ ಅಧ್ಯಯನ ಯಾವ ಯಂತ್ರವನ್ನೂ ಕುರಿತದ್ದಲ್ಲ. ಬ್ರಿಟನ್ನಿನ ವೈದ್ಯವಿಜ್ಞಾನಿ ಜೆರಿ ಮಾರಿಸ್ ಮತ್ತು ಅವರ ಸಹೋದ್ಯೋಗಿಗಳು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಲೇಖನ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗೆ ಹೋಲಿಸಿದರೆ, ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯೆಂದು ಅವರು ಕಂಡುಕೊಂಡರು. ಅದೇ ಬಸ್ಸು, ಅದೇ ನಗರ, ಅದೇ ಗಾಳಿ. ಮುಖ್ಯ ಭೇದವಿದ್ದುದು ಕಾಲಿನ ಕೆಲಸದಲ್ಲಿ. ಆ ಕಂಡಕ್ಟರುಗಳು ವ್ಯಾಯಾಮವೆಂದು ಸಂಕಲ್ಪ ಮಾಡಿ ಮೆಟ್ಟಿಲೇರಿದವರಲ್ಲ. ನಿತ್ಯದ ಕೆಲಸವೇ ಅವರನ್ನು ತಪ್ಪದೆ ನಡೆಸಿತು. ನಿಯಮಿತವಾಗಿ ನಡೆಯುವ ಶ್ರಮಕ್ಕೆ ಎಂತಹ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮವನ್ನೋ, 75ರಿಂದ 150 ನಿಮಿಷ ತೀವ್ರ ಶ್ರಮದ ವ್ಯಾಯಾಮವನ್ನೋ ಮಾಡತಕ್ಕದ್ದು. ಇದರ ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು. 150 ನಿಮಿಷವೆಂದರೆ ದಿನಕ್ಕೆ 30 ನಿಮಿಷದಂತೆ ವಾರಕ್ಕೆ 5 ದಿನ. ಬಿರುಸಾಗಿ ನಡೆದರೂ ಇದು ಸಲ್ಲುತ್ತದೆ, ಯಂತ್ರದ ಮೇಲೆ ಮಾಡಿದರೂ ಸಲ್ಲುತ್ತದೆ. ದೇಹಕ್ಕೆ ಯಂತ್ರದ ಬೆಲೆ ತಿಳಿಯದು. ತಾನು ಪಟ್ಟ ಶ್ರಮ ಮಾತ್ರ ತಿಳಿಯುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ ಸ್ಥಿತಿ ಸಮಾಧಾನಕರವಾಗಿಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೇಹಶ್ರಮವಿರಲಿಲ್ಲ. ಪುರುಷರಲ್ಲಿ ಈ ಪ್ರಮಾಣ ಶೇಕಡ 42ರಷ್ಟಿದ್ದರೆ ಸ್ತ್ರೀಯರಲ್ಲಿ ಶೇಕಡ 57ರಷ್ಟಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ವ್ಯಾಯಾಮದ ಪ್ರಶ್ನೆ ಶ್ರೀಮಂತರ ಶೋಕಿಯ ಪ್ರಶ್ನೆಯಲ್ಲ. ಪ್ರತಿಯೊಂದು ಕುಟುಂಬವನ್ನೂ ತಟ್ಟುವ ಪ್ರಶ್ನೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಮಾಡುವುದೇನು, ಮಾಡದಿರುವುದೇನು

ಯಂತ್ರವು ಎಷ್ಟು ಕೊಬ್ಬು ಕರಗಿಸುತ್ತದೆ ಎಂಬ ಕುತೂಹಲ ಎಲ್ಲರಿಗೂ ಇರುತ್ತದೆ. 60 ಕಿಲೋ ತೂಕದ ವ್ಯಕ್ತಿ ಸಾಧಾರಣ ಶ್ರಮದಿಂದ ಅರ್ಧ ಗಂಟೆ ಎಲಿಪ್ಟಿಕಲ್ ಮೇಲೆ ಹೆಜ್ಜೆ ಹಾಕಿದರೆ ಸುಮಾರು 150 ಕ್ಯಾಲೊರಿ ವ್ಯಯವಾದೀತು. ಅದೇ ವ್ಯಕ್ತಿ ಅಷ್ಟೇ ಹೊತ್ತು ಸಾಮಾನ್ಯ ವೇಗದಲ್ಲಿ ನಡೆದರೆ 100 ಕ್ಯಾಲೊರಿಯ ಆಸುಪಾಸು. ಮಾಟುಂಗದ ಉಪಾಹಾರಗೃಹದಲ್ಲಿ ಒಂದು ಮಸಾಲೆದೋಸೆ ತಿಂದರೆ ಈ ಎರಡೂ ಲೆಕ್ಕಗಳನ್ನು ಮೀರಿದಂತಾಗುತ್ತದೆ. ಯಂತ್ರದ ಮುಖಫಲಕದಲ್ಲಿ ಕಾಣುವ ಕ್ಯಾಲೊರಿಯ ಅಂಕಿ ಅನೇಕ ವೇಳೆ ವಾಸ್ತವಕ್ಕಿಂತ ಹೆಚ್ಚಾಗಿಯೇ ಇರುತ್ತದೆಂಬುದನ್ನೂ ನೆನಪಿಡಬೇಕು. ಆದುದರಿಂದ ಕೇವಲ ತೂಕ ಇಳಿಸುವ ಆಸೆಯಿಂದ ಯಂತ್ರ ಕೊಂಡವರಿಗೆ ಬೇಗನೆ ನಿರಾಶೆಯಾಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಯಾವ ಯಂತ್ರವೂ ಸುಳ್ಳು ಮಾಡಿಲ್ಲ.

ವ್ಯಾಯಾಮದ ನಿಜವಾದ ಲಾಭಗಳು ತೂಕದ ಕಲ್ಲಿನಲ್ಲಿ ಕಾಣುವಂಥವಲ್ಲ. ರಕ್ತದ ಒತ್ತಡ ತಗ್ಗುವುದು, ಇನ್ಸುಲಿನ್ನಿಗೆ ದೇಹ ಚೆನ್ನಾಗಿ ಸ್ಪಂದಿಸುವುದು, ಮೆಟ್ಟಿಲೇರಿದಾಗ ಏದುಸಿರು ಕಡಿಮೆಯಾಗುವುದು, ರಾತ್ರಿ ಒಳ್ಳೆಯ ನಿದ್ರೆ ಬರುವುದು, ಮನಸ್ಸು ಹಗುರವಾಗುವುದು: ಇವೆಲ್ಲ ತೂಕ ಇಳಿಯದಿದ್ದರೂ ದೊರೆಯುವ ಫಲಗಳು. ಇವನ್ನು ಎಲಿಪ್ಟಿಕಲ್ ಯಂತ್ರ ಖಂಡಿತವಾಗಿ ಕೊಡಬಲ್ಲದು.

ಆದರೆ ಅದರ ಮಿತಿಗಳನ್ನೂ ಅರಿತಿರಬೇಕು. ಮೊದಲನೆಯದಾಗಿ, ಪೆಟ್ಟಿಲ್ಲದ ಚಲನೆ ಕೀಲುಗಳಿಗೆ ಹಿತವಾದರೂ ಮೂಳೆಗಳನ್ನು ಗಟ್ಟಿಗೊಳಿಸಲು ಅದೊಂದೇ ಸಾಲದು. ಮುಟ್ಟು ನಿಂತ ಸ್ತ್ರೀಯರು ಮತ್ತು ವಯಸ್ಸಾದವರು ಮೆಟ್ಟಿಲೇರುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಸಣ್ಣ ಭಾರಗಳನ್ನು ಎತ್ತುವುದು ಮೊದಲಾದವನ್ನು ಜೊತೆಗೆ ಮಾಡತಕ್ಕದ್ದು. ಎರಡನೆಯದಾಗಿ, ಚಲಿಸುವ ಎರಡು ಹಲಗೆಗಳ ಮೇಲೆ ನಿಲ್ಲಲು ಸಮತೋಲ ಬೇಕು. ನಡೆಯುವಾಗಲೇ ತೂರಾಡುವ ವೃದ್ಧರಿಗೆ ಕುಳಿತು ತುಳಿಯುವ ಸೈಕಲ್ ಯಂತ್ರ ಹೆಚ್ಚು ಕ್ಷೇಮ; ಅದರ ಬೆಲೆಯೂ ಸಾಮಾನ್ಯವಾಗಿ ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಮೂರನೆಯದಾಗಿ, ಪಾದ ಒಂದೇ ಸ್ಥಾನದಲ್ಲಿ ಒತ್ತಿಕೊಂಡಿರುವುದರಿಂದ ಕೆಲವರಿಗೆ ಹದಿನೈದು ನಿಮಿಷದಲ್ಲೇ ಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ಆಗಾಗ ಹಿಮ್ಮುಖವಾಗಿ ತುಳಿದರೆ, ಹಿಮ್ಮಡಿಯನ್ನು ಸ್ವಲ್ಪ ಎತ್ತಿ ಇಳಿಸಿದರೆ ಇದು ಕಡಿಮೆಯಾಗುವುದುಂಟು.

ಮನೆಯ ಅಳತೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಈ ಯಂತ್ರದ ವಿಷಯದಲ್ಲಿ ಅಕ್ಷರಶಃ ಸತ್ಯ. ಮನೆಬಳಕೆಯ ಎಲಿಪ್ಟಿಕಲ್ 4ರಿಂದ 6 ಅಡಿ ಉದ್ದ, 2 ಅಡಿಗೂ ಮಿಕ್ಕ ಅಗಲವಿರುತ್ತದೆ. ಹತ್ತಿ ಇಳಿಯಲು, ಕೈಹಿಡಿ ಗೋಡೆಗೆ ತಾಗದಿರಲು ಸುತ್ತಲೂ ಬಿಡಬೇಕಾದ ಜಾಗವನ್ನು ಸೇರಿಸಿದರೆ 7 ಅಡಿ ಉದ್ದ, 4 ಅಡಿ ಅಗಲ, ಅಂದರೆ 28 ಚದರ ಅಡಿ ನೆಲ ಬೇಕಾಗುತ್ತದೆ. ಮುಂಬಯಿಯಲ್ಲಿ ಮನೆಯ ಬೆಲೆಯನ್ನು ಚದರ ಅಡಿಗೆ 20,000 ರೂಪಾಯಿಯೆಂದು ಇಟ್ಟುಕೊಂಡರೆ ಯಂತ್ರ ನಿಲ್ಲುವ ನೆಲದ ಬೆಲೆಯೇ 5,60,000 ರೂಪಾಯಿ! ಊರಿನಿಂದ ಬಂದ ಅತ್ತೆ ಮಾವಂದಿರಿಗೆ, ಪರೀಕ್ಷೆ ಬರೆಯಲು ಬಂದ ತಂಗಿಯ ಮಗನಿಗೆ ಹಾಸಿಗೆ ಹಾಸುತ್ತಿದ್ದುದು ಆ ಜಾಗದಲ್ಲೇ ಅಲ್ಲವೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಒಂದು ಕೋಣೆ, ಅಡಿಗೆಮನೆಯ ಬಿಡಾರದಲ್ಲಿ ಇರುವವರಿಗೆ ಈ ಲೆಕ್ಕವೊಂದೇ ಪ್ರಶ್ನೆಯನ್ನು ತೀರ್ಮಾನಿಸಿಬಿಡುತ್ತದೆ.

ನೆಲವನ್ನು ಅಳೆದವರೂ ಎತ್ತರವನ್ನು ಅಳೆಯಲು ಮರೆಯುತ್ತಾರೆ. ಮೆಟ್ಟುಹಲಗೆ ಮೇಲೆ ಬಂದಾಗ ಕೆಲವು ಯಂತ್ರಗಳಲ್ಲಿ ನೆಲದಿಂದ 15 ಅಂಗುಲದಷ್ಟು ಎತ್ತರದಲ್ಲಿರುತ್ತದೆ. 5 ಅಡಿ 8 ಅಂಗುಲದ ವ್ಯಕ್ತಿ ಅದರ ಮೇಲೆ ನಿಂತರೆ ತಲೆ 6 ಅಡಿ 11 ಅಂಗುಲಕ್ಕೆ ಮುಟ್ಟುತ್ತದೆ. ಕೋಣೆಯ ಸೂರು 9 ಅಡಿಯಿದ್ದರೆ ಚಿಂತೆಯಿಲ್ಲ. ಆದರೆ 7 ಅಡಿಗೆ ಕಟ್ಟಿದ ಅಟ್ಟದ ಕೆಳಗೆ ಉಳಿಯುವುದು ಒಂದೇ ಅಂಗುಲ. ತಿರುಗುವ ಪಂಖದ ಕೆಳಗೆ ಕೈಯೆತ್ತಿದರಂತೂ ಅಪಾಯ. ಯಂತ್ರ ಅಟ್ಟದ ಕೆಳಗಿನ ಮೂಲೆಗೆ ಸರಿಹೊಂದುತ್ತದೆಂದು ಕೊಂಡ ಮೇಲೆ ಈ ಸಂಗತಿ ತಿಳಿದರೆ ಪ್ರಯೋಜನವಿಲ್ಲ.

ಕೆಳಗಿನ ಮನೆಯವರನ್ನೂ ಮರೆಯಬಾರದು. ಅಯಸ್ಕಾಂತದ ಯಂತ್ರ ಹೆಚ್ಚು ಸದ್ದು ಮಾಡದಿದ್ದರೂ ಸಡಿಲವಾದ ತಿರುಪು, ಏರುಪೇರಾದ ನೆಲಗಳಿಂದ ಬೆಳಗಿನ 5 ಗಂಟೆಗೆ ಏಳುವ ಲಟಕು ಸದ್ದು ಕೆಳಮನೆಯ ಸೂರಿಗೆ ಇಳಿಯುತ್ತದೆ. ದಪ್ಪನೆಯ ರಬ್ಬರ್ ಹಾಸು ಇದಕ್ಕೆ ತಕ್ಕಮಟ್ಟಿನ ಪರಿಹಾರ. ಮನೆಯಲ್ಲಿ ಅಂಬೆಗಾಲಿಡುವ ಮಕ್ಕಳಿದ್ದರೆ ಚಲಿಸುವ ಸಂದುಗಳಲ್ಲಿ ಅವರ ಬೆರಳು ಸಿಕ್ಕಿಕೊಳ್ಳದಂತೆ ಯಂತ್ರವನ್ನು ಬಾಗಿಲು ಹಾಕಬಹುದಾದ ಕೋಣೆಯಲ್ಲೇ ಇಡಬೇಕು. ಅಂತಹ ಕೋಣೆಯಿಲ್ಲವೆಂದರೆ ಮಗು ದೊಡ್ಡದಾಗುವವರೆಗೆ ಯಂತ್ರ ಬೇಡವೆನ್ನುವುದೇ ವಿವೇಕ.

ಹಣದ ಲೆಕ್ಕ

ಯಂತ್ರಕ್ಕೆ 40,000 ರೂಪಾಯಿ ಕೊಟ್ಟಿರೆಂದು ಭಾವಿಸೋಣ. ವಾರಕ್ಕೆ 5 ದಿನದಂತೆ, ವರ್ಷಕ್ಕೆ 50 ವಾರದಂತೆ, 4 ವರ್ಷ ಬಳಸಿದರೆ 1000 ಸಲ ಅದರ ಮೇಲೆ ಹತ್ತಿದಂತಾಯಿತು. ಒಂದು ಸಲಕ್ಕೆ ಬಿದ್ದ ಖರ್ಚು 40 ರೂಪಾಯಿ. ಮನೆಯ ಇಬ್ಬರು ಬಳಸಿದರೆ 20 ರೂಪಾಯಿ. ಇದು ದುಬಾರಿಯಲ್ಲ. ಆದರೆ ಮೊದಲ ಉತ್ಸಾಹದಲ್ಲಿ 40 ದಿನ ಬಳಸಿ ಬಿಟ್ಟರೆ ಒಂದೊಂದು ದಿನದ ಬೆಲೆ 1000 ರೂಪಾಯಿಯಾಯಿತು. ಯಂತ್ರ ಅಗ್ಗವೋ ತುಟ್ಟಿಯೋ ಎಂಬುದನ್ನು ಅಂಗಡಿಯವನು ಬರೆದ ಬೆಲೆಪಟ್ಟಿ ಹೇಳಲಾರದು. ಹತ್ತುವವರ ಕಾಲು ಹೇಳುತ್ತದೆ.

ಅತಿ ಅಗ್ಗದ ಯಂತ್ರವನ್ನು ಕೊಂಡರೆ ಉಳಿತಾಯವಾಯಿತೆಂದೂ ಹೇಳುವಂತಿಲ್ಲ. ಅಂತಹವುಗಳಲ್ಲಿ ಹೆಜ್ಜೆಯ ಹರವು ಅನೇಕ ವೇಳೆ 12 ಅಂಗುಲದ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಕಾಲಿಡುವುದು ಕುಂಟುಬಿಲ್ಲೆ ಆಡಿದಂತಿರುತ್ತದೆಯೇ ಹೊರತು ನಡಿಗೆಯಂತಿರುವುದಿಲ್ಲ. ಮೊಣಕಾಲು ಉಳಿಸಲು ತಂದ ಯಂತ್ರವೇ ಮೊಣಕಾಲಿಗೆ ನೋವು ಕೊಡಬಹುದು. ಮಧ್ಯಮ ಎತ್ತರದವರಿಗೆ 16ರಿಂದ 18 ಅಂಗುಲ, ಎತ್ತರದವರಿಗೆ 20 ಅಂಗುಲದ ಹರವು ಹಿತವಾಗಿರುತ್ತದೆ. ಹಾಗೆಂದು ಅಂತಹ ಯಂತ್ರಗಳ ಬೆಲೆಯೂ ಏರುತ್ತದೆ, ತೂಕವೂ ಏರುತ್ತದೆ. ವರ್ಗಾವಣೆಯ ನೌಕರಿಯಲ್ಲಿರುವವರು ಮನೆ ಬದಲಿಸುವಾಗ 60, 70 ಕಿಲೋ ಭಾರದ ಕಬ್ಬಿಣವನ್ನು ಹೊತ್ತೊಯ್ಯಬೇಕಾದೀತೆಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಯಾರಿಗಾಗಿ? ಯಾವ ಹೊತ್ತಿನಲ್ಲಿ?

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಯಂತ್ರ ತರುವಾಗ ‘ಮನೆಮಂದಿಗೆಲ್ಲ ಆಗುತ್ತದೆ’ ಎನ್ನುವುದು ವಾಡಿಕೆ. ಎಲ್ಲರಿಗೂ ಆಗುವ ವಸ್ತು ಕೊನೆಗೆ ಯಾರಿಗೂ ಆಗದಿರುವುದೇ ಹೆಚ್ಚು. ಆದುದರಿಂದ ಕೊಳ್ಳುವ ಮುನ್ನ ಒಂದು ಕಾಗದದ ಮೇಲೆ ಬಳಸುವವರ ಹೆಸರನ್ನೂ, ಹತ್ತುವ ವೇಳೆಯನ್ನೂ ಬರೆಯಬೇಕು. ‘ಸಮಯ ಸಿಕ್ಕಾಗ’ ಎಂದು ಬರೆಯುವಂತಿಲ್ಲ; ‘ಬೆಳಗ್ಗೆ 6ರಿಂದ 6.30’ ಎಂದೇ ಬರೆಯಬೇಕು. ಹಾಗೆ ಬರೆಯಲು ಲೇಖನಿ ಏಳದಿದ್ದರೆ ಉತ್ತರ ದೊರೆತಂತೆಯೇ.

ಇಲ್ಲಿ ಗೃಹಿಣಿಯರ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ವ್ಯಾಯಾಮದ ಕೊರತೆ ಪುರುಷರಿಗಿಂತ ಸ್ತ್ರೀಯರಲ್ಲೇ ಹೆಚ್ಚೆಂದು ಮೇಲಿನ ಅಂಕಿಗಳು ತೋರಿಸಿವೆ. ‘ಮನೆಗೆಲಸವೇ ವ್ಯಾಯಾಮವಲ್ಲವೆ?’ ಎಂದು ಕೇಳುವವರಿದ್ದಾರೆ. ಮನೆಗೆಲಸದಲ್ಲಿ ದಣಿವಿದೆ, ಆದರೆ ಹೃದಯದ ಬಡಿತವನ್ನು ಏರಿಸಿ ಅರ್ಧ ಗಂಟೆ ಅಲ್ಲೇ ನಿಲ್ಲಿಸುವ ಶ್ರಮ ಅದರಲ್ಲಿ ಸಿಗುವುದು ವಿರಳ. ಐವತ್ತೆರಡು ವರ್ಷದ ತಾಯಿಯೊಬ್ಬರಿಗೆ ಮಧುಮೇಹವಿದೆಯೆಂದು ಮಕ್ಕಳು ಅಕ್ಕರೆಯಿಂದ ಯಂತ್ರ ತಂದರೆನ್ನೋಣ. ಬೆಳಗ್ಗೆ ಐದೂವರೆಗೆ ಹಾಲು, ಆಮೇಲೆ ಮೂವರ ಡಬ್ಬಿ, ಅತ್ತೆಯವರ ಸ್ನಾನ, ಮನೆಗೆಲಸದವಳ ಬರವು. ಸಂಜೆ ಮತ್ತೆ ಅಡಿಗೆ. ಈ ದಿನಚರಿಯಲ್ಲಿ ಒಂದು ಕೆಲಸವನ್ನಾದರೂ ಇತರರು ವಹಿಸಿಕೊಳ್ಳದಿದ್ದರೆ ಆ ತಾಯಿಗೆ ಯಂತ್ರದಿಂದ ದೊರೆಯುವುದು ಧೂಳು ಒರೆಸುವ ಇನ್ನೊಂದು ಕೆಲಸ ಮಾತ್ರ. ಮಕ್ಕಳು ಕೊಡಬಹುದಾದ ನಿಜವಾದ ಕಾಣಿಕೆ ದಿನಕ್ಕೆ ಅರ್ಧ ಗಂಟೆಯ ಬಿಡುವು. ಮಗ ಡಬ್ಬಿ ಕಟ್ಟಲಿ, ಗಂಡ ಹಾಲು ಕಾಯಿಸಲಿ. ಆ ಅರ್ಧ ಗಂಟೆ ಅವರದೆಂದು ಮನೆಯವರೆಲ್ಲ ಒಪ್ಪಲಿ. ಆಮೇಲೆ ಯಂತ್ರದ ಮಾತು.

ಬಿಡುವೇನೋ ಇದೆ, ಆದರೆ ಹೊರಗೆ ಹೋಗುವಂತಿಲ್ಲ ಎಂಬ ಸಂದರ್ಭಗಳೂ ಇವೆ. ಹಾಸಿಗೆ ಹಿಡಿದ ಹಿರಿಯರನ್ನು ಬಿಟ್ಟು ಕದಲಲಾಗದವರು, ರಾತ್ರಿ ಹತ್ತಕ್ಕೆ ಮಾತ್ರ ಬಿಡುವು ದೊರೆಯುವವರು, ಮೊಣಕಾಲು ನೋವಿನಿಂದ ಬೀದಿಯ ಏರುತಗ್ಗುಗಳಲ್ಲಿ ನಡೆಯಲಾರದವರು, ಚಳಿಗಾಲದ ದೆಹಲಿಯಲ್ಲಿ ಹೊಗೆಮಂಜಿನ ನಡುವೆ ಉಸಿರಾಡಲು ಅಂಜುವ ಆಸ್ತಮಾ ರೋಗಿಗಳು, ಇಂಥವರಿಗೆ ಮನೆಯೊಳಗಿನ ಯಂತ್ರ ನಿಜಕ್ಕೂ ಉಪಕಾರಿ. ಅವರು ಕೊಂಡರೆ ಅದನ್ನು ದುಂದುವೆಚ್ಚವೆನ್ನಲಾಗದು.

ಆರು ವಾರಗಳ ಪರೀಕ್ಷೆ

ಹಾಗಾದರೆ ನಮ್ಮ ಸಂದರ್ಭ ಯಾವುದೆಂದು ತಿಳಿಯುವ ಬಗೆ ಹೇಗೆ? ಅದಕ್ಕೊಂದು ಖರ್ಚಿಲ್ಲದ ಉಪಾಯವಿದೆ. ಕಾಗದದಲ್ಲಿ ಬರೆದ ಆ ವೇಳೆಗೆ ಸರಿಯಾಗಿ, ವಾರಕ್ಕೆ 5 ದಿನದಂತೆ 6 ವಾರ, ದಿನಕ್ಕೆ 30 ನಿಮಿಷ ಯಂತ್ರವಿಲ್ಲದೆಯೇ ವ್ಯಾಯಾಮ ಮಾಡಿರಿ. ಬಿರುಸು ನಡಿಗೆಯಾಗಲಿ, ಕಟ್ಟಡದ ಮೆಟ್ಟಿಲಾಗಲಿ, ಮೇಲ್ಛಾವಣಿಯ ಸುತ್ತಾಗಲಿ, ಸೂರ್ಯನಮಸ್ಕಾರವಾಗಲಿ. ಗರಡಿಮನೆಯ ದಂಡ ಬಸ್ಕಿಗಳನ್ನು ಬಲ್ಲ ನಾಡಿನಿಂದ ಬಂದ ನಮಗೆ ಉಪಕರಣವಿಲ್ಲದ ವ್ಯಾಯಾಮ ಹೊಸದೇನಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು 1937ರಲ್ಲಿ ಯೋಗ ಕಲಿಸಲು ಪುಣೆಗೆ ಹೋದರು. ಮುಂದೆ ಅವರ ಹೆಸರು ಲೋಕವಿಖ್ಯಾತವಾಯಿತು. ಅವರು ಕಲಿಸಿದ ಆಸನಗಳಿಗೆ ಬೇಕಾದ ನೆಲ ಒಂದು ಚಾಪೆಯಷ್ಟು. ನಿಧಾನವಾದ ಆಸನಗಳು ದೇಹವನ್ನು ಬಳುಕಿಸಿ ಬಲಪಡಿಸುತ್ತವೆಯಾದರೂ ಹೃದಯಕ್ಕೆ ಬೇಕಾದ ಬಿರುಸಿಗೆ ನಡಿಗೆಯನ್ನೂ ಜೊತೆಗೂಡಿಸುವುದು ಒಳಿತು.

ಗೋಡೆಯ ಕ್ಯಾಲೆಂಡರಿನಲ್ಲಿ ವ್ಯಾಯಾಮ ಮಾಡಿದ ದಿನಕ್ಕೊಂದು ಗುರುತು ಹಾಕುತ್ತ ಬನ್ನಿ. ತಪ್ಪಿದ ದಿನದ ಪಕ್ಕದಲ್ಲಿ ತಪ್ಪಿದ ಕಾರಣವನ್ನು ಒಂದೇ ಮಾತಿನಲ್ಲಿ ಬರೆಯಿರಿ. ಆರು ವಾರದ ಕೊನೆಗೆ ಆ ಪುಟವೇ ನಿಮಗೆ ಬುದ್ಧಿ ಹೇಳುತ್ತದೆ. 30 ದಿನಗಳಲ್ಲಿ 24, 25 ಗುರುತುಗಳಿದ್ದರೆ ಅಭ್ಯಾಸ ಬೇರೂರಿದೆಯೆಂದರ್ಥ. ಯಂತ್ರ ಬಂದರೆ ಉಪಯೋಗವಾಗುತ್ತದೆ, ಬಾರದಿದ್ದರೂ ನಷ್ಟವಿಲ್ಲ. ಗುರುತುಗಳು ಕಡಿಮೆಯಿದ್ದರೆ ಕಾರಣಗಳನ್ನು ಓದಿ ನೋಡಬೇಕು. ‘ಮಳೆ’, ‘ಮೊಣಕಾಲು ನೋವು’, ‘ಕತ್ತಲೆ’, ‘ಅಮ್ಮನನ್ನು ಬಿಟ್ಟು ಹೋಗಲಾಗಲಿಲ್ಲ’ ಎಂದು ಬರೆದಿದ್ದರೆ ಇವು ಯಂತ್ರ ನಿವಾರಿಸಬಲ್ಲ ಕಾರಣಗಳು. ‘ಎಚ್ಚರವಾಗಲಿಲ್ಲ’, ‘ಅತಿಥಿಗಳು ಬಂದರು’, ‘ಬೇಸರ’, ‘ಆಫೀಸಿನ ಕೆಲಸ’ ಎಂದಿದ್ದರೆ ಇವನ್ನು ಯಾವ ಯಂತ್ರವೂ ನಿವಾರಿಸಲಾರದು. ಕುಣಿಯಲಾರದವಳು ನೆಲ ಡೊಂಕೆಂದಂತೆ ನಾವು ಯಂತ್ರವಿಲ್ಲದ್ದನ್ನೇ ನೆಪ ಮಾಡಿಕೊಂಡಿದ್ದೇವೆಯೋ ಎಂಬುದು ಇಲ್ಲಿ ಬಯಲಾಗುತ್ತದೆ.

ಕೊಳ್ಳುವುದೇ ಆದರೆ

ಪರೀಕ್ಷೆಯಲ್ಲಿ ಗೆದ್ದು ಕೊಳ್ಳಲು ನಿರ್ಧರಿಸಿದವರು ಕೆಳಗಿನ ಸಂಗತಿಗಳನ್ನು ಗಮನಿಸುವುದು ಒಳ್ಳೆಯದು.

ಒಂದು: ಚಿತ್ರ ನೋಡಿ ಕೊಳ್ಳಬೇಡಿರಿ. ಸಮೀಪದ ವ್ಯಾಯಾಮಶಾಲೆಗೆ ಒಂದು ತಿಂಗಳ ಶುಲ್ಕ ತೆತ್ತಾದರೂ ಇಂತಹ ಯಂತ್ರದ ಮೇಲೆ ಹತ್ತು ಹನ್ನೆರಡು ಸಲ ಹೆಜ್ಜೆ ಹಾಕಿ ನೋಡಿರಿ. ಅಂಗಡಿಯಲ್ಲಿ ಕೊಳ್ಳುವಾಗ ಬಳಸುವವರೇ ಹೋಗಿ ಕನಿಷ್ಠ ಹದಿನೈದು ನಿಮಿಷ ತುಳಿದು ನೋಡಬೇಕು. ಮೊಣಕಾಲು, ಸೊಂಟಗಳಲ್ಲಿ ನೋವು ಬಂದರೆ ಆ ಯಂತ್ರ ನಿಮ್ಮದಲ್ಲ.

ಎರಡು: ಯಂತ್ರ ತಾಳಬಲ್ಲ ದೇಹಭಾರದ ಮಿತಿಯನ್ನು ಕೇಳಿರಿ. ನಿಮ್ಮ ತೂಕಕ್ಕಿಂತ 20 ಕಿಲೋದಷ್ಟಾದರೂ ಹೆಚ್ಚಿನ ಮಿತಿಯಿರಲಿ. ತುಳಿಯುವಾಗ ಅದು ಅಲುಗಾಡಕೂಡದು. ಚಲನೆ ತಡೆತಡೆದು ಬರದೆ ಒಂದೇ ಸಮನಾಗಿ ಸಾಗಬೇಕು. ಚಲಿಸುವ ಕೈಹಿಡಿಗಳಲ್ಲದೆ ಅಲುಗದ ಹಿಡಿಕೆಯೂ ಇದ್ದರೆ ಹತ್ತಿ ಇಳಿಯುವಾಗ ಆಧಾರವಾಗುತ್ತದೆ.

ಮೂರು: ಮನೆಗೆ ಬಂದು ಜೋಡಿಸಿಕೊಡುವವರು ಯಾರು, ಕೆಟ್ಟರೆ ರಿಪೇರಿಗೆ ಎಲ್ಲಿಂದ ಬರುತ್ತಾರೆ, ಬಿಡಿಭಾಗಗಳು ಸಿಗುತ್ತವೆಯೇ, ಗ್ಯಾರಂಟಿ ಯಾವ ಯಾವ ಭಾಗಕ್ಕೆ ಎಷ್ಟು ವರ್ಷ ಎಂಬುದನ್ನು ಬರಹದಲ್ಲಿ ಪಡೆಯಿರಿ. ರಸೀದಿಯನ್ನು ಜೋಪಾನವಾಗಿಡಿರಿ. ವ್ಯಾಜ್ಯ ಬಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಿಮ್ಮ ಬೆಂಬಲಕ್ಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಾಲ್ಕು: ಒಬ್ಬರ ಮನೆಯಲ್ಲಿ ಬಳಕೆಯಾಗದೆ ಉಳಿದ ಯಂತ್ರ ಇನ್ನೊಬ್ಬರಿಗೆ ಕಡಿಮೆ ಬೆಲೆಗೆ ದೊರೆಯುವುದುಂಟು. ಅದನ್ನು ಚೆನ್ನಾಗಿ ಪರೀಕ್ಷಿಸಿ ಕೊಂಡರೆ ಮಾನಹಾನಿಯೇನಿಲ್ಲ. ಕಟ್ಟಡದ ಲಿಫ್ಟಿನಲ್ಲಿ ಅದು ಹಿಡಿಸುತ್ತದೆಯೇ ಎಂಬುದನ್ನು ಮಾತ್ರ ಮುಂಚಿತವಾಗಿ ಅಳೆದುಕೊಳ್ಳಬೇಕು.

ಐದು: ಮುಂಬಯಿ, ಚೆನ್ನೈಗಳ ಕಡಲ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿದಿನ ಬೆವರನ್ನು ಒರೆಸಬೇಕು. ತಿಂಗಳಿಗೊಮ್ಮೆ ತಿರುಪುಗಳನ್ನು ಬಿಗಿಗೊಳಿಸಬೇಕು.

ಆರಂಭಿಸುವವರಿಗೆ ಎಚ್ಚರಿಕೆ

ಹೃದ್ರೋಗವಿರುವವರು, ನಡೆದಾಗ ಎದೆನೋವೋ ಅಸಹಜ ಏದುಸಿರೋ ಬರುವವರು, ಬಹುಕಾಲದಿಂದ ಮಧುಮೇಹ ಅಥವಾ ರಕ್ತದ ಒತ್ತಡವುಳ್ಳವರು ಮೊದಲು ವೈದ್ಯರನ್ನು ಕಾಣತಕ್ಕದ್ದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆಯೋ ಅನಂತರವೋ ಸಕ್ಕರೆ ತೀರ ಇಳಿಯುವ ಸಂಭವವಿರುವುದರಿಂದ ಕೈಗೆಟುಕುವಂತೆ ಸಕ್ಕರೆಯನ್ನೋ ಗ್ಲೂಕೋಸನ್ನೋ ಇಟ್ಟುಕೊಳ್ಳಬೇಕು. ಮಧುಮೇಹದಿಂದ ಪಾದಗಳ ಸ್ಪರ್ಶಜ್ಞಾನ ಕುಂದಿದವರು ಬರಿಗಾಲಲ್ಲಿ ಹತ್ತಕೂಡದು. ಇಳಿದ ಮೇಲೆ ಅಂಗಾಲನ್ನು ಪರೀಕ್ಷಿಸಬೇಕು. ಕಣ್ಣಿನ ಅಕ್ಷಿಪಟಲಕ್ಕೆ ಮಧುಮೇಹ ತಟ್ಟಿದವರು ತೀವ್ರ ಶ್ರಮಕ್ಕೆ ಮುನ್ನ ನೇತ್ರವೈದ್ಯರನ್ನು ಕೇಳಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದ ಔಷಧಗಳು ಹೃದಯದ ಬಡಿತವನ್ನು ತಗ್ಗಿಸುವುದರಿಂದ ಅವನ್ನು ಸೇವಿಸುವವರು ಯಂತ್ರ ತೋರಿಸುವ ನಾಡಿಯ ಅಂಕಿಯನ್ನು ನೆಚ್ಚಬಾರದು.

ಎಲ್ಲರಿಗೂ ಅನ್ವಯಿಸುವ ಸುಲಭವಾದ ಅಳತೆಗೋಲು ಮಾತು. ವ್ಯಾಯಾಮ ಮಾಡುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಇದು ಸಾಧಾರಣ ಶ್ರಮ. ಎರಡು ಮಾತಾಡುವಷ್ಟರಲ್ಲಿ ಉಸಿರು ಕಟ್ಟಿದರೆ ಅದು ತೀವ್ರ ಶ್ರಮ. ಮೊದಲ ವಾರ ದಿನಕ್ಕೆ 5ರಿಂದ 10 ನಿಮಿಷ ಸಾಕು. ವಾರವಾರಕ್ಕೆ ಐದೈದು ನಿಮಿಷ ಏರಿಸುತ್ತ ಹೋದರೆ ಒಂದೂವರೆ ತಿಂಗಳಲ್ಲಿ ಅರ್ಧ ಗಂಟೆ ತಲಪಬಹುದು. ಬೆನ್ನನ್ನು ನೆಟ್ಟಗಿರಿಸಿ, ಕೈಹಿಡಿಯ ಮೇಲೆ ಭಾರ ಹಾಕದೆ ಹೆಜ್ಜೆಯಿಡಬೇಕು. ಕೊನೆಯ ಐದು ನಿಮಿಷ ವೇಗ ತಗ್ಗಿಸಿ, ಹಲಗೆಗಳು ಪೂರ್ಣವಾಗಿ ನಿಂತ ಮೇಲೆಯೇ ಇಳಿಯಬೇಕು. ಎದೆ ಬಿಗಿದಂತಾದರೆ, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು.

ಯಂತ್ರ ಕೊಂಡವರಿಗೂ ಕೊಳ್ಳದವರಿಗೂ ಸಮಾನವಾದ ಒಂದು ಸಲಹೆಯೊಂದಿಗೆ ಈ ಬರಹವನ್ನು ಮುಗಿಸಬಹುದು. ರಾತ್ರಿ ಊಟವಾದ ಮೇಲೆ ಕುಟುಂಬದವರೆಲ್ಲ ಹತ್ತು ಹದಿನೈದು ನಿಮಿಷ ಮೆಲ್ಲನೆ ನಡೆಯುವ ರೂಢಿಯಿಟ್ಟುಕೊಳ್ಳಬೇಕು. ಊಟದ ಅನಂತರದ ಲಘು ನಡಿಗೆ ರಕ್ತದಲ್ಲಿ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ದಿನವಿಡೀ ಬೇರೆಬೇರೆ ಗಾಡಿಗಳಲ್ಲಿ, ಕಚೇರಿಗಳಲ್ಲಿ ಚದರಿಹೋದ ಮನೆಮಂದಿ ಕನ್ನಡದಲ್ಲಿ ನಾಲ್ಕು ಮಾತನಾಡಲೂ ಅವಕಾಶವಾಗುತ್ತದೆ. ಅದಕ್ಕೆ ಬೆಲೆಯಿಲ್ಲ, ಕಂತಿಲ್ಲ, ತುಕ್ಕಿಲ್ಲ. ವಾಚಕರೆಲ್ಲರೂ ತಮ್ಮ ದಿನದ ಅರ್ಧ ಗಂಟೆಯನ್ನು ಮೊದಲು ಗಳಿಸಿಕೊಳ್ಳಲಿ. ಆಮೇಲೆ ಅಗತ್ಯವೆನಿಸಿದರೆ ಯಂತ್ರವನ್ನು ಕೊಳ್ಳಲಿ. ಆರೋಗ್ಯಭಾಗ್ಯ ಸರ್ವರಿಗೂ ಲಭಿಸಲಿ.